ಪೆಟ್ಟಿಗಿ ತೆಗೀಲೇನ್ರಿ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕಪಾಟಿನಲ್ಲಿ, ಕಪ್ಪೆ ಮತ್ತು ಹಲ್ಲಿಗಳ ಜಾಡಿಗಳ ನಡುವೆ, ಅಂಗೈಯಷ್ಟು ಎತ್ತರದ ಗಾಜಿನ ಬಾಟಲಿಯೊಂದು ಆರು ವರ್ಷ ಕೂತಿತ್ತು. ಒಳಗೆ ಸ್ಪಿರಿಟಿನಲ್ಲಿ ಮುಳುಗಿದ ಒಂದು ಕಾಡಿಲಿ. ಚೀಟಿಯ ಮೇಲೆ ನನ್ನದೇ ಅಕ್ಷರ: ಹೆಣ್ಣು, ಹಾಲೂಡಿಸುತ್ತಿದ್ದದ್ದು, ಪೆಟ್ಟಿಗೆ ನಲವತ್ತೊಂದು. ಅದನ್ನು ಮಣ್ಣು ಮಾಡಲು ಕೊಡಿರೆಂದು ಒಬ್ಬ ಹೆಂಗಸು ನನ್ನನ್ನು ಕೇಳಿಕೊಂಡಿದ್ದಳು. ನಾನು ಕೊಟ್ಟಿರಲಿಲ್ಲ. ಪ್ರತಿ ವರ್ಷ ಹೊಸದಾಗಿ ಸೇರಿದ ಮಕ್ಕಳು ಆ ಬಾಟಲಿಯ ಮುಂದೆ ನಿಂತು ‘ಇದು ಮನಿ ಇಲೀನಾ ಮೇಡಂ?’ ಎಂದು ಕೇಳಿದಾಗಲೆಲ್ಲ, ಮುಂದಿನ ಜಾಡಿ ನೋಡ್ರಿ ಎಂದು ಗದರಿಸಿ ಸಾಗಹಾಕುತ್ತಿದ್ದೆ.

ನನ್ನ ಊರು ಹರಪನಹಳ್ಳಿ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಚಿಕ್ಕಂದಿನಿಂದಲೂ. ಹತ್ತು ವರ್ಷ ಪಾಠ ಹೇಳಿದ ಮೇಲೆ ಪಿಎಚ್.ಡಿ. ಮಾಡುವ ಹುಚ್ಚು ಹತ್ತಿತು. ಕೂಡ್ಲಿಗಿ ಕಡೆಯ ಬಂಡೆಗುಡ್ಡಗಳ ಕುರುಚಲು ಕಾಡಿನಲ್ಲಿ ಯಾವ ಯಾವ ಇಲಿಗಳಿವೆ, ಅವು ಎಲ್ಲಿ ಬಿಲ ತೋಡುತ್ತವೆ, ಮಳೆಗಾಲಕ್ಕೂ ಬೇಸಿಗೆಗೂ ಎಷ್ಟು ದೂರ ಓಡಾಡುತ್ತವೆ ಎಂದು ನೋಡುವುದು ನನ್ನ ವಿಷಯ. ಇದನ್ನು ಕೇಳಿ ನಮ್ಮ ಅವ್ವ ಮೆಕ್ಕೆಜೋಳದ ಚೀಲದ ಮೇಲೆ ಕೂತುಕೊಂಡೇ ನಕ್ಕಿದ್ದಳು. “ಚೀಲ ಕಡಿಯೋ ಇಲಿ ಮನ್ಯಾಗ ಬೇಕಾದಷ್ಟು ಅದಾವ. ಅವನ್ನ ಬಿಟ್ಟು ಗುಡ್ಡಕ್ಕ ಹೊಂಟಾಳಂತ ನನ್ನ ಮಗಳು,” ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳಿದಳು. ನಾನು ಎರಡು ದಿನ ಅವಳೊಡನೆ ಮಾತು ಬಿಟ್ಟೆ.

ಗುಡ್ಡದ ಬುಡದ ಹಳ್ಳಿಯಲ್ಲಿ ಪೆಟ್ಟಿಗೆಗಳನ್ನು ಇಟ್ಟುಕೊಳ್ಳಲು ಒಂದು ಪಡಸಾಲೆ ಬೇಕಿತ್ತು, ಹೊರಲು ಒಬ್ಬರು ಬೇಕಿತ್ತು. ಊರ ಗಂಡಸರು ಕಟ್ಟೆಯ ಮೇಲೆ ಕೂತು ಇಲಿ ಹಿಡಿಯುವ ಮೇಡಂ ಎಂದು ತಮಾಷೆ ಮಾಡಿದರೇ ಹೊರತು ಯಾರೂ ಎದ್ದು ಬರಲಿಲ್ಲ. ಬಂದವಳು ಬಟ್ಟೆ ಹೊಲಿಯುವ ಅಕ್ಕ. ಐವತ್ತರ ಆಚೀಚಿನ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಹಂಪಸಾಗರಕ್ಕೆ ಕೊಟ್ಟಿದ್ದಳು. ತನ್ನ ಪಡಸಾಲೆಯನ್ನು ತೋರಿಸಿ, “ಇಲ್ಲೇ ಇಡ್ರಿ. ಹೊರಾಕ ನಾನ ಬರ್ತೀನಿ. ಮಷಿನ್ ಮುಂದ ಕುಂತು ಕುಂತು ಸೊಂಟ ಹಿಡದೈತಿ,” ಎಂದಳು.

ಇಲಿಯೆಂದರೆ ಅಕ್ಕನಿಗೆ ಆಗುತ್ತಿರಲಿಲ್ಲ. ದರ್ಜಿಯ ಮನೆಗೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. “ಗಿರಾಕಿ ಜಂಪರ್ ಪೀಸಿಗೆ ಒಂದು ತೂತು ಬಿದ್ರ ನಾ ಊರಾಗ ಮುಖ ತೋರ್ಸಂಗಿಲ್ಲ. ನೀವು ನೋಡಿದ್ರ ಅದಕ್ಕ ಉಂಡಿ ಕಟ್ಟಾಕ ಬಂದೀರಿ,” ಎಂದು ಮೊದಲ ದಿನವೇ ನನ್ನನ್ನು ಆಡಿಕೊಂಡಳು. ಆದರೆ ಉಂಡೆ ಕಟ್ಟಿದವಳು ಅವಳೇ. ನಾನು ಪುಸ್ತಕದಲ್ಲಿ ಓದಿಕೊಂಡು ಹೋದ ಮೇವು ಬಿಸಿಲಿಗೆ ಎಣ್ಣೆಬಿಟ್ಟು ಇರುವೆ ಹತ್ತಿಸಿಕೊಳ್ಳುತ್ತಿತ್ತು. ಅಕ್ಕ ಹುರಿದ ಶೇಂಗಾ, ಸಜ್ಜೆ ಹಿಟ್ಟು, ಚೂರು ಬೆಲ್ಲ ಹಾಕಿ ಕುಟ್ಟಿ, ಗೋಲಿಯಷ್ಟು ಉಂಡೆ ಮಾಡಿಕೊಟ್ಟಳು. ಮಾರನೆಯ ದಿನವೇ ಒಂಬತ್ತು ಇಲಿ ಬಿದ್ದವು.

ನಮ್ಮ ಬೋನು ಮನೆಯ ಬೋನಿನಂತೆ ಕೊಲ್ಲುವುದಲ್ಲ. ಅಲ್ಯೂಮಿನಿಯಮ್ಮಿನ ಉದ್ದನೆಯ ಪೆಟ್ಟಿಗೆ, ಒಂದೇ ಬಾಗಿಲು. ಇಲಿ ಒಳಗೆ ಹೋಗಿ ಹಲಗೆ ತುಳಿದರೆ ಹಿಂದಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಉಂಡೆ, ಚಳಿಗೆ ಒಂದು ಹಿಡಿ ಹತ್ತಿ. ಅಂಥ ಅರವತ್ತು ಪೆಟ್ಟಿಗೆಗಳನ್ನು ಬಂಡೆಗಳ ಸಂದಿಯಲ್ಲಿ, ಕಾರೆ ಕಂಟಿಗಳ ಬುಡದಲ್ಲಿ ಸಾಲಾಗಿ ಇಟ್ಟಿದ್ದೆವು. ಯಾವುದು ಎಲ್ಲಿದೆ ಎಂದು ಗೊತ್ತಾಗಲೆಂದು ಅಕ್ಕ ಕತ್ತರಿಸಿ ಉಳಿದ ಕೆಂಪು ಬಟ್ಟೆಯ ಚೂರುಗಳನ್ನು ಒಂದೊಂದು ಗಿಡಕ್ಕೂ ಕಟ್ಟಿದ್ದಳು. ಸಂಜೆ ಬಾಗಿಲು ತೆಗೆಯುವುದು, ಬೆಳಿಗ್ಗೆ ಬಿಸಿಲು ಏರುವ ಮೊದಲು ಹೋಗಿ ನೋಡುವುದು, ಬಿದ್ದದ್ದನ್ನು ತೂಗಿ, ಗುರುತು ಮಾಡಿ, ಅಲ್ಲೇ ಬಿಟ್ಟು, ಹಗಲಿಗೆ ಬಾಗಿಲು ಮುಚ್ಚಿ ಬರುವುದು. ಇಷ್ಟೇ ಕೆಲಸ. ಒಂದು ಮಾತ್ರ ತಪ್ಪುವಂತಿಲ್ಲ. ಬಂಡೆ ಕಾಯುವ ಹೊತ್ತಿಗೆ ಪೆಟ್ಟಿಗೆಯೊಳಗೆ ಜೀವ ಇರಬಾರದು. ತಗಡು ಒಲೆಯ ಮೇಲಿನ ಹೆಂಚಾಗಿಬಿಡುತ್ತದೆ.

ಸಂಜೆ ಐದೂವರೆಗೆ ಗುಡ್ಡದ ಮೊದಲ ಬಂಡೆಯ ಹತ್ತಿರ ನಿಂತು ಅಕ್ಕ ಪ್ರತಿದಿನ ಕೇಳುತ್ತಿದ್ದಳು: “ಪೆಟ್ಟಿಗಿ ತೆಗೀಲೇನ್ರಿ?” ನಾನು ಪುಸ್ತಕದಲ್ಲಿ ಹೊತ್ತು ಬರೆದುಕೊಂಡು “ತೆಗೀರಿ” ಎನ್ನುತ್ತಿದ್ದೆ. ಕೇಳದೆ ಒಂದು ದಿನವೂ ಅವಳು ಬಾಗಿಲು ಮುಟ್ಟಿದವಳಲ್ಲ. ಒಮ್ಮೆ ನಾನು ಯಾವುದೋ ಯೋಚನೆಯಲ್ಲಿ ಉತ್ತರ ಕೊಡದೆ ಕೂತಿದ್ದಾಗ ಕಾಲು ಗಂಟೆ ಸುಮ್ಮನೆ ನಿಂತಿದ್ದಳು. “ನಿಮ್ಮ ಬಾಯಿಂದ ಬರ್ಲಿ ಅಂತ ನಿಂತೀನಿ. ಸಾಲಿ ಕೆಲಸ, ನನ್ನ ಮನಸಿಗೆ ಬಂದಂಗ ಮಾಡಾಕ ಬರಂಗಿಲ್ಲಲ್ಲ,” ಎಂದಳು.

ಅವಳ ಕೈ ಎಂಥ ಕೈ. ಪೆಟ್ಟಿಗೆಯಿಂದ ಇಲಿಯನ್ನು ಹೊರಕ್ಕೆ ಹಾಕಿಕೊಳ್ಳಲು ಬಟ್ಟೆಯ ಚೀಲ ಬೇಕು. ನಾನು ತಂದ ಚೀಲದ ಮೂಲೆಯಲ್ಲಿ ಇಲಿಗಳು ಸಿಕ್ಕಿಕೊಂಡು ಒದ್ದಾಡುತ್ತಿದ್ದವು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಜಂಪರಿನ ಅಸ್ತರಿನ ಬಟ್ಟೆಯಲ್ಲಿ, ಹೊಲಿಗೆ ಹೊರಗೆ ಬರುವಂತೆ, ಮೂಲೆಯೇ ಇಲ್ಲದ ದುಂಡನೆಯ ಹನ್ನೆರಡು ಚೀಲ ಹೊಲಿದುಕೊಟ್ಟಳು. ಇಲಿಯ ತೊಡೆಯ ಮೇಲೋ ಭುಜದ ಮೇಲೋ ಒಂದಿಷ್ಟು ಕೂದಲು ಕತ್ತರಿಸಿ ಗುರುತು ಮಾಡುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ದಾರ ಕತ್ತರಿಸುವ ತನ್ನ ಸಣ್ಣ ಕತ್ತರಿಯಿಂದ ಚರ್ಮಕ್ಕೆ ಸೋಕದಂತೆ ಕತ್ತರಿಸುತ್ತಿದ್ದಳು. ವೈರತ್ವ ಯಾವಾಗ ಹೋಯಿತೋ ಗೊತ್ತಿಲ್ಲ. ಮೂರನೆಯ ತಿಂಗಳಿಗೆಲ್ಲ ಅವಳು ಗುಡ್ಡ ಹತ್ತುವಾಗ ಬಂಡೆಗಳ ಗವಿಯಲ್ಲಿರುವ ಕರಡಿಗಳಿಗೆ ಕೇಳಲೆಂದು ಗಟ್ಟಿಯಾಗಿ “ಬಂದೀವಪಾ, ದಾರಿ ಬಿಡು” ಎನ್ನುವಳು, ಇಲಿಗೆ ಮೆಲ್ಲಗೆ “ಹೆದರಬ್ಯಾಡ, ಅಳತಿ ತಗೊಂಡು ಬಿಡ್ತೀವಿ” ಎನ್ನುವಳು. ಜಂಪರಿನ ಅಳತೆ ತೆಗೆದುಕೊಳ್ಳುವಾಗಲೂ ನಾಚಿಕೊಳ್ಳುವ ಹುಡುಗಿಯರಿಗೆ ಅವಳು ಹೇಳುತ್ತಿದ್ದದ್ದು ಇದೇ ಮಾತು.

ಆ ಗುಡ್ಡದಲ್ಲಿ ಬೆನ್ನ ಕೂದಲು ಮುಳ್ಳಿನಂತೆ ಒರಟಾದ, ಹೊಟ್ಟೆ ಬೆಳ್ಳಗಿನ ಒಂದು ಪುಟ್ಟ ಇಲಿ ಇದೆ. ಅದು ತನ್ನ ಬಿಲದ ಬಾಯಿಗೆ ಸಣ್ಣ ಸಣ್ಣ ಹರಳುಗಳನ್ನು ಹೊತ್ತು ತಂದು ಹಾಸಿಕೊಳ್ಳುತ್ತದೆ. ನಲವತ್ತೊಂದನೆಯ ಪೆಟ್ಟಿಗೆಯ ಹತ್ತಿರದ ಬಂಡೆಯಡಿ ಅಂಥದ್ದೊಂದು ಬಿಲವಿತ್ತು. ಅದರೊಡತಿ ಮತ್ತೆ ಮತ್ತೆ ಅದೇ ಪೆಟ್ಟಿಗೆಗೆ ಬೀಳುತ್ತಿದ್ದಳು. ಉಂಡೆ ತಿಂದು, ಹತ್ತಿಯಲ್ಲಿ ಮಲಗಿ, ಬೆಳಿಗ್ಗೆ ಚೀಲಕ್ಕೆ ಬಿದ್ದರೂ ಗಾಬರಿಯಾಗುತ್ತಿರಲಿಲ್ಲ. “ನೋಡ್ರಿ, ಅಂಗಳಕ್ಕ ಹಳ್ಳು ಹಾಸ್ಯಾಳ. ನಮ್ಮೂರಾಗ ಯಾರ ಮನಿ ಮುಂದ ಐತಿ ಹಿಂಗ?” ಎಂದು ಅಕ್ಕನಿಗೆ ಅವಳ ಮೇಲೆ ಬಹಳ ಅಭಿಮಾನ. ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ತೂಗುವಾಗ ಹೊಟ್ಟೆಯಡಿ ಮೊಲೆಗಳು ಎದ್ದಿದ್ದು ಕಂಡಿತು. ಅಂದಿನಿಂದ ಅಕ್ಕ ಅವಳನ್ನು ಬಾಣಂತಿ ಎಂದು ಕರೆದಳು. ನಾನು ಪುಸ್ತಕದಲ್ಲಿ ಬರೆಯುವಷ್ಟು ಹೊತ್ತೂ ಅವಳಿಗೆ ತಡೆಯುತ್ತಿರಲಿಲ್ಲ. “ಲಗೂ ಬಿಡ್ರಿ ಮೇಡಂ, ಮರಿ ಕಾಯ್ತಿರ್ತಾವ,” ಎಂದು ನನ್ನ ಮೊಣಕೈ ತಿವಿಯುತ್ತಿದ್ದಳು.

ಆ ವರ್ಷ ಗಣೇಶ ಚೌತಿ ಹತ್ತಿರ ಬಂತು. ನಮ್ಮ ಕಡೆ ಚೌತಿಯ ಮರುದಿನ ಇಲಿವಾರ. ಬಟ್ಟೆಯ ಕಸುಬಿನವರು ಅದನ್ನು ಬಲು ನಿಷ್ಠೆಯಿಂದ ಮಾಡುತ್ತಾರೆ. ಅಕ್ಕನ ಮನೆಯಲ್ಲಿ ಅಂದು ಮಷಿನ್ ತಿರುಗುವುದಿಲ್ಲ, ಸೂಜಿಗೆ ದಾರ ಪೋಣಿಸುವುದಿಲ್ಲ, ಕತ್ತರಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡುತ್ತಾರೆ. ಇಲಿಗೆ ಕಡುಬಿನ ಎಡೆ. ಅಂದು ಇಲಿಯನ್ನು ಹಿಡಿಯಬಾರದು, ಹೊಡೆಯಬಾರದು, ಬೋನು ಮುಟ್ಟಬಾರದು. ವಾರದ ಮುಂಚೆಯೇ ಅಕ್ಕ ನನಗೆ ಖಡಾಖಂಡಿತ ಹೇಳಿದ್ದಳು: “ಅವತ್ತು ಅವರ ದಿನ. ಅವತ್ತೊಂದು ದಿನ ನಾ ಪೆಟ್ಟಿಗಿ ಮುಟ್ಟಂಗಿಲ್ಲ ನೋಡ್ರಿ. ಅವತ್ತು ನಮ್ಮ ಕೈಯಾಗ ಒಂದು ಇಲಿ ಸತ್ರ ಆ ಕೈಗೆ ಕಸುಬು ಉಳಿಯಂಗಿಲ್ಲ.” ಸರಿ ಸರಿ ಎಂದು ನಕ್ಕು, ನಾನು ಹಬ್ಬಕ್ಕೆ ಹರಪನಹಳ್ಳಿಗೆ ಬಂದೆ. ಬರುವಾಗ ಅರವತ್ತೂ ಪೆಟ್ಟಿಗೆಗಳ ಬಾಗಿಲು ಮುಚ್ಚಿ ಗುಡ್ಡದಲ್ಲೇ ಬಿಟ್ಟು ಬಂದಿದ್ದೆ.

ಚೌತಿಯ ಮಧ್ಯಾಹ್ನ ಊಟಕ್ಕೆ ಕೂತಾಗ ತಲೆಗೆ ಹೊಳೆಯಿತು. ಎರಡು ದಿನ ಪೆಟ್ಟಿಗೆಗಳು ಹಾಗೇ ಬಿದ್ದಿದ್ದರೆ ಕುರಿ ತುಳಿಯುತ್ತವೆ, ಯಾರಾದರೂ ಎತ್ತಿಕೊಂಡೂ ಹೋಗಬಹುದು. ಅಕ್ಕನಿಗೆ ಫೋನ್ ಮಾಡಿದೆ. ಮನೆ ತುಂಬ ನೆಂಟರು, ಮಂಗಳಾರತಿಯ ಗಂಟೆ ಬೇರೆ. ಒಂದು ಕಿವಿ ಮುಚ್ಚಿಕೊಂಡು ಹೇಳಿದೆ: “ಅಕ್ಕಾ, ಇವತ್ತು ಸಂಜಿಗೆ ಪೆಟ್ಟಿಗಿ ಎಲ್ಲಾ ತೆಗದುಬಿಡ್ರಿ.”

“ಎಲ್ಲಾನೂ?”

“ಅರವತ್ತೂ ತೆಗೀರಿ. ನಾಳೆ ನೀವು ಹೋಗಬ್ಯಾಡ್ರಿ.”

“ಆತು, ತೆಗೀತೀನ್ರಿ. ನಾಳೆ ಮಾತ್ರ ನಾ ಮುಟ್ಟಂಗಿಲ್ಲ ಮತ್ತ.”

“ಹೂಂ, ಮುಟ್ಟಬ್ಯಾಡ್ರಿ,” ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಇಲಿವಾರ ಕಳೆದ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಕೊಟ್ಟೂರಿನಲ್ಲಿ ಇಳಿದು ಬಸ್ಸು ಬದಲಿಸಿ, ಅಕ್ಕನ ಮನೆ ಮುಟ್ಟಿದಾಗ ಬಿಸಿಲು ಆಗಲೇ ಜೋರಾಗಿತ್ತು. ಅಕ್ಕ ಬಾಗಿಲಲ್ಲೇ ಕಡುಬಿನ ತಟ್ಟೆ ಹಿಡಿದು ನಿಂತಿದ್ದಳು. “ನಿನ್ನೆ ಎಷ್ಟು ಬಿದ್ದಿದ್ದುವ್ರಿ? ಬಾಣಂತಿ ಬಂದಿದ್ಳೇನು? ಗುಡ್ಡಕ್ಕ ಬಂದವ್ರು ಮನಿಗೆ ಬರದಂಗ ಹೋಗೀರಲ್ಲ,” ಎಂದಳು.

ನನಗೆ ಅರ್ಥವಾಗಲಿಲ್ಲ. ಪಡಸಾಲೆ ನೋಡಿದೆ. ಖಾಲಿ.

“ಪೆಟ್ಟಿಗಿ ಎಲ್ಲಿ ಅದಾವಕ್ಕ?”

“ಗುಡ್ಡದಾಗ. ನೀವ ಹೇಳಿದ್ರಲ್ಲ, ತೆಗೀರಿ ಅಂತ. ಅರವತ್ತೂ ತೆಗದು ಬಂದೆ. ಹಬ್ಬ ಅಂತ ಉಂಡಿಗೆ ಒಂದೀಟು ಕೊಬ್ರಿ ಹಾಕಿದ್ದೆ.”

ನಾನು ಹೇಳಿದ್ದು ಎತ್ತಿ ಮನೆಗೆ ತನ್ನಿ ಎಂದು. ಅವಳು ಕೇಳಿಸಿಕೊಂಡದ್ದು ಬಾಗಿಲು ತೆಗೆಯಿರಿ ಎಂದು. ಮರುದಿನ ನೀವು ಹೋಗಬೇಡಿ ಎಂದದ್ದಕ್ಕೆ, ಮೇಡಂ ತಾನೇ ಬಂದು ನೋಡಿಕೊಳ್ಳುತ್ತಾಳೆ ಎಂದು ತಿಳಿದಿದ್ದಳು. ತಿಳಿಯದೆ ಏನು ಮಾಡಿಯಾಳು? ಒಂದು ಹಗಲು, ಒಂದು ರಾತ್ರಿ, ಈಗ ಮತ್ತೊಂದು ಹಗಲು. ನಾನು ಗುಡ್ಡಕ್ಕೆ ಓಡಿದೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ತಟ್ಟೆ ಎಲ್ಲಿ ಇಟ್ಟಳೋ, ಬರಿಗಾಲಲ್ಲಿ ನನ್ನ ಹಿಂದೆ ಬಂದಳು.

ಹದಿಮೂರು ಪೆಟ್ಟಿಗೆಗಳ ಬಾಗಿಲು ಮುಚ್ಚಿತ್ತು. ಮುಟ್ಟಿದರೆ ಬೆರಳು ಸುಡುತ್ತಿತ್ತು. ಒಂದೊಂದಕ್ಕೂ ನಾನು ಕೈ ಹಾಕುತ್ತಿದ್ದೆ, ಅಕ್ಕ ಚೀಲ ಹಿಡಿಯುತ್ತಿದ್ದಳು, ರೂಢಿಯಂತೆ. ಚೀಲಕ್ಕೆ ಬಿದ್ದದ್ದು ಅಲುಗುತ್ತಿರಲಿಲ್ಲ. ನಲವತ್ತೊಂದರ ಹತ್ತಿರ ಬಂದಾಗ ಅಕ್ಕ ಮುಂದೆ ಹೋಗಿ ತಾನೇ ಬಾಗಿಲು ತಳ್ಳಿ ನೋಡಿದಳು. ಹತ್ತಿಯೆಲ್ಲ ಬಾಗಿಲ ಕಡೆಗೆ ಬಂದು ಬಿದ್ದಿತ್ತು. ಬಾಗಿಲ ಅಂಚಿನಲ್ಲಿ ಹಲ್ಲಿನ ಗೀರುಗಳಿದ್ದವು. ಬಾಣಂತಿಯ ಮೂತಿಯಲ್ಲಿ ರಕ್ತ ಒಣಗಿತ್ತು. ಕೊಬ್ಬರಿ ಉಂಡೆಯನ್ನು ಮುಟ್ಟಿಯೇ ಇರಲಿಲ್ಲ.

ಆಗ ನಾನು ಬಾಯಿಗೆ ಬಂದಂತೆ ಅಂದೆ. ಎಲ್ಲವನ್ನೂ ಇಲ್ಲಿ ಬರೆಯಲಾರೆ, ಬರೆಯದೆ ತಪ್ಪಿಸಿಕೊಳ್ಳಲೂ ಬಾರದು. “ತೆಗೀರಿ ಅಂದ್ರ ಏನು ಅನ್ನೋದೂ ತಿಳಿಯಂಗಿಲ್ಲೇನ್ರಿ ನಿಮಗ? ಇಲಿವಾರ ಇಲಿವಾರ ಅಂತ ಕುಣದು, ಅದ ದಿನ ಹದಿಮೂರು ಜೀವ ಕೊಂದ್ರಿ ನೋಡ್ರಿ. ನಿಮ್ಮ ಕೈಯಾರ ಕೊಂದ್ರಿ,” ಎಂದೆ. ಅವಳ ಕೈ ಎಂದೆ. ಆ ಕೈಯ ಬಗ್ಗೆ ಅವಳು ಏನು ಹೇಳಿದ್ದಳೆಂದು ಗೊತ್ತಿದ್ದೂ ಅಂದೆ.

ಅಕ್ಕ ಹರಳು ಹಾಸಿದ ಬಿಲದ ಮುಂದೆ ಮಂಡಿಯೂರಿ ಕೂತು, ಬಂಡೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು. ಬೆರಳಿನಿಂದ ಬಗೆಯಲು ನೋಡಿದಳು. ಅದು ಆಳಕ್ಕೆ ಬಂಡೆಯಡಿ ಹೋಗಿತ್ತು, ಬಗೆಯಲು ಬರುವಂಥದ್ದಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ಉಳಿದವು ನಿಮ್ಮ ಕೆಲಸಕ್ಕ ಇರ್ಲಿ. ಬಾಣಂತೀನ ನನಗ ಕೊಡ್ರಿ. ಇಲ್ಲೇ ಮರೀ ಹತ್ರ ಮಣ್ಣು ಮಾಡ್ತೀನಿ,” ಎಂದಳು.

“ಆಗಂಗಿಲ್ಲ. ಇದು ಕಾಲೇಜಿನ ಮಾದರಿ. ಸ್ಪಿರಿಟಿನ್ಯಾಗ ಇಡಬೇಕು,” ಎಂದೆ. ಬೇಕಿರಲಿಲ್ಲ. ಆ ಜಾತಿಯ ಮಾದರಿ ನನ್ನಲ್ಲಿ ಆಗಲೇ ಎರಡಿದ್ದವು. ಸಿಟ್ಟಿಗೆ ಹೇಳಿದ ಮಾತು ಅದು, ಶಿಕ್ಷೆ ಕೊಡಲು ಹೇಳಿದ ಮಾತು.

ವಾರ ಬಿಟ್ಟು ಕೂಡ್ಲಿಗಿ ಬಸ್ಸಿನ ಕಂಡಕ್ಟರ್ ಹರಪನಹಳ್ಳಿ ನಿಲ್ದಾಣದಲ್ಲಿ ನನಗೆ ಒಂದು ಗಂಟು ತಂದುಕೊಟ್ಟ. ಬಿಚ್ಚಿದರೆ ಹನ್ನೆರಡು ಚೀಲಗಳು, ಒಗೆದು, ಇಸ್ತ್ರಿ ಮಾಡಿ, ಒಂದರ ಮೇಲೊಂದು ಜೋಡಿಸಿದ್ದವು. ನಡುವೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಆ ಸಣ್ಣ ಕತ್ತರಿ. ತಪ್ಪಿ ಬಂದಿರಬೇಕು, ಹೋದಾಗ ಕೊಟ್ಟರಾಯಿತು ಎಂದು ಮೇಜಿನ ಖಾನೆಯಲ್ಲಿ ಹಾಕಿದೆ. ಹೋಗಲಿಲ್ಲ. ಉಳಿದ ಕೆಲಸವನ್ನು ಬೇರೆ ಗುಡ್ಡದಲ್ಲಿ, ಬೇರೆಯವರನ್ನು ಕಟ್ಟಿಕೊಂಡು ಮುಗಿಸಿದೆ.

ಎರಡು ವರ್ಷದ ಮೇಲೆ ಪ್ರಬಂಧ ಬರೆಯಲು ಕೂತು ಹಳೆಯ ಪುಸ್ತಕಗಳನ್ನು ಹರವಿಕೊಂಡೆ. ಪ್ರತಿ ಪುಟದ ಕೊನೆಗೆ ನನ್ನದೇ ಅಕ್ಷರದಲ್ಲಿ ಒಂದೇ ಸಾಲು: ‘ಸಂಜೆ ೫.೩೦. ಪೆಟ್ಟಿಗೆ ತೆಗೆದದ್ದು.’ ಪುಟ ತಿರುವಿದೆ. ‘ಪೆಟ್ಟಿಗೆ ತೆಗೆದದ್ದು.’ ಮತ್ತೆ ತಿರುವಿದೆ. ಒಂದೇ ಒಂದು ಕಡೆಯೂ ತೆಗೆಯುವುದು ಎಂದರೆ ಎತ್ತಿ ತರುವುದು ಎಂದಿರಲಿಲ್ಲ. ಎತ್ತಿ ತಂದ ದಿನಗಳಲ್ಲಿ ‘ಪೆಟ್ಟಿಗೆ ಇಳಿಸಿದ್ದು’ ಎಂದು ಬರೆದಿದ್ದೆ, ಅಕ್ಕನಿಗೂ ಹಾಗೇ ಹೇಳುತ್ತಿದ್ದೆ. ನಮ್ಮಿಬ್ಬರ ನಡುವೆ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಮನೆಯ ಗಲಾಟೆಯಲ್ಲಿ, ಹಬ್ಬದ ಊಟದ ಮುಂದೆ, ಅದನ್ನು ಬದಲಿಸಿದವಳು ನಾನು.

ಅವತ್ತೇ ಹೋಗಬೇಕಿತ್ತು. ಹೊರಟಿದ್ದರೆ ಮೂರು ತಾಸಿನ ದಾರಿ. ಈ ರಜೆಗೆ ಹೋಗೋಣ, ಪ್ರಬಂಧ ಮುಗಿಯಲಿ, ಅವ್ವನ ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ. ಸುಳ್ಳು. ನಾಚಿಕೆಯಾಗಿತ್ತು. ಹೆಸರಿನ ಮುಂದೆ ಡಾಕ್ಟರ್ ಬಂತು, ಹಾರ ಹಾಕಿದರು. ಅಂದು ಮನೆಗೆ ಬಂದು ಖಾನೆ ಎಳೆದು ಕತ್ತರಿ ನೋಡಿ ಮತ್ತೆ ಮುಚ್ಚಿದೆ.

ಹೀಗೇ ಆರು ವರ್ಷ ಹೋಯಿತು. ಹೋದ ಬೇಸಿಗೆಯ ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಅಕ್ಕನ ಮಗಳು, ಹಂಪಸಾಗರದಿಂದ. ಅವ್ವಗೆ ಲಕ್ವ ಹೊಡೆದಿದೆ, ತಾನೇ ಕರೆತಂದು ಇಟ್ಟುಕೊಂಡಿದ್ದೇನೆ ಎಂದಳು. ಮೈ ಒಂದು ಮಗ್ಗುಲು ಬಿದ್ದುಹೋಗಿದೆ, ಮಾತು ಅಲ್ಪಸ್ವಲ್ಪ, ನೆನಪು ಹಿಂದುಮುಂದು.

“ದಿನಾ ಸಂಜಿಮುಂದ ಒಂದ ಮಾತು ಕೇಳ್ತಾಳ್ರಿ. ಪೆಟ್ಟಿಗಿ ತೆಗೀಲೇನ್ರಿ ಮೇಡಂ ಅಂತ. ಸೀರಿ ಇಟ್ಟ ಟ್ರಂಕು ಇರಬೇಕು ಅಂತ ನಾ ದಿನಾ ಟ್ರಂಕು ತೆಗದು ತೋರಿಸ್ತೀನಿ. ಅಲ್ಲ ಅಂತ ಅಳ್ತಾಳ. ನಿಮ್ಮ ನಂಬರು ಆಕಿ ಡೈರ್ಯಾಗಿತ್ತು, ಇಲಿ ಮೇಡಂ ಅಂತ. ನಿಮಗೇನಾದ್ರೂ ಗೊತ್ತೈತೇನ್ರಿ?”

ಗೊತ್ತಿದೆ ಎಂದೆ.

ಮರುದಿನ ಕಾಲೇಜಿಗೆ ಹೋಗಿ, ಕಪಾಟಿನಿಂದ ಬಾಟಲಿಯನ್ನು ಹೊರತೆಗೆದು, ಚೀಲಕ್ಕೆ ಹಾಕಿಕೊಂಡು, ಹಂಪಸಾಗರಕ್ಕೆ ಹೋಗಲು ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದೆ. ಅಕ್ಕ ಕೇಳಿದ್ದನ್ನು ಅಕ್ಕನ ಕೈಗೇ ಕೊಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಮಗಳ ಮನೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದಳು. ಅಷ್ಟು ಸಣ್ಣಗಾಗಿದ್ದಾಳೆಂದು ನಾನು ಎಣಿಸಿರಲಿಲ್ಲ. ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ನಾನು ಆ ಕೈ ಹಿಡಿದು ಕೂತೆ. ಮಗಳು ಚಹಾ ತಂದಿಟ್ಟು, “ನಿಮ್ಮ ಕೆಲಸ ಬಿಟ್ಟ ಮ್ಯಾಲೆ ಅವ್ವ ಮಷಿನ್ ಮುಟ್ಟಲೇ ಇಲ್ಲರಿ. ಕೈ ಮೈಲಿಗಿ ಆಗೈತಿ ಅಂತಿದ್ಳು. ಕಳೆ ತೆಗಿಯಾಕ ಕೂಲಿಗೆ ಹೋದ್ಳು, ಹೊಲಿಗಿ ಮಾತ್ರ ಒಲ್ಲೆ ಅಂದ್ಳು. ಯಾಕ ಅಂತ ನನಗೂ ಹೇಳಲಿಲ್ಲ,” ಎಂದಳು. ಕತ್ತರಿ ತಪ್ಪಿ ಬಂದಿರಲಿಲ್ಲ.

“ಅಕ್ಕಾ, ತಪ್ಪು ನಂದು,” ಎಂದೆ. “ತೆಗೀರಿ ಅಂದಾಕಿ ನಾನ. ನಿಮ್ಮ ಕೈ ತಪ್ಪು ಮಾಡಿಲ್ಲ.” ಎರಡು ಸಲ, ಮೂರು ಸಲ ಹೇಳಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಮುಟ್ಟಿತೋ ಇಲ್ಲವೋ ದೇವರಿಗೇ ಗೊತ್ತು. ಬಿಸಿಲು ಕಿಟಕಿಯಿಂದ ಹಿಂದೆ ಸರಿಯಿತು. ಆಗ ತುಟಿಯ ಒಂದು ಮಗ್ಗುಲಿನಿಂದ, ತೊದಲುತ್ತ ಕೇಳಿದಳು:

“ಪೆಟ್ಟಿಗಿ... ತೆಗೀಲೇನ್ರಿ?”

“ಬ್ಯಾಡಕ್ಕ. ಎಲ್ಲಾ ಮನಿಗೆ ಇಳಿಸೀವಿ. ಅರವತ್ತೂ ಎಣಿಸೀನಿ. ಗುಡ್ಡದಾಗ ಒಂದೂ ಇಲ್ಲ.”

ಅವಳ ಹಣೆಯ ಗೆರೆ ಸಡಿಲವಾಯಿತು. ಮಗಳು ಬಾಗಿಲಲ್ಲೇ ನಿಂತು ಸೆರಗು ಬಾಯಿಗಿಟ್ಟುಕೊಂಡಳು. ಅಕ್ಕ ಮತ್ತೆ ಕೇಳಿದಳು: “ಬಾಣಂತಿ?”

ನನ್ನ ಕಾಲ ಬಳಿ ಚೀಲವಿತ್ತು. ಅದರೊಳಗೆ ಬಾಟಲಿ ಇತ್ತು. ಇಷ್ಟು ದೂರ ತಂದದ್ದು ಅದಕ್ಕಾಗಿಯೇ. ಚೀಲಕ್ಕೆ ಕೈ ಹಾಕಲು ನನ್ನಿಂದ ಆಗಲಿಲ್ಲ.

“ಬಂದಿದ್ಳಕ್ಕ. ಹದಿನೇಳು ಗ್ರಾಂ ಆಗ್ಯಾಳ. ತೂಗಿ ಬಿಟ್ಟೆ.”

“ಲಗೂ ಬಿಟ್ರೇನು? ಮರಿ ಕಾಯ್ತಿರ್ತಾವ.”

“ಲಗೂ ಬಿಟ್ಟೆ,” ಎಂದೆ. ಅವಳು ಕಣ್ಣು ಮುಚ್ಚಿದಳು.

ಅಂದಿನಿಂದ ದಿನಾ ಸಂಜೆ ಐದೂವರೆಗೆ ಮಗಳು ಫೋನ್ ಮಾಡಿ ಅವ್ವನ ಕಿವಿಗೆ ಹಿಡಿಯುತ್ತಿದ್ದಳು. ನಾನು ತರಗತಿಯಲ್ಲಿರಲಿ, ಸಂತೆಯಲ್ಲಿರಲಿ, ಆ ಹೊತ್ತಿಗೆ ಒಂದು ಮೂಲೆ ಹಿಡಿದು ನಿಲ್ಲುತ್ತಿದ್ದೆ. ಮೊದಲು ತಪ್ಪು ನಂದು ಎಂದು ಹೇಳುತ್ತಿದ್ದೆ. ಅದಕ್ಕೆ ಒಂದು ದಿನವೂ ಅವಳು ಉತ್ತರ ಕೊಡಲಿಲ್ಲ. ಆಮೇಲೆ ಅವಳು ಕೇಳುವಳು, ನಾನು ಹೇಳುವೆ. ಪೆಟ್ಟಿಗೆ ಮನೆಯಲ್ಲಿವೆ. ಬಾಣಂತಿ ಬಂದಿದ್ದಳು. ಇವತ್ತು ಹದಿನಾರು ಗ್ರಾಂ, ಇವತ್ತು ಹದಿನೆಂಟು. ಅಂಗಳಕ್ಕೆ ಹೊಸ ಹಳ್ಳು ಹಾಸಿದ್ದಾಳೆ. ಮರಿಗಳು ಕಣ್ಣು ಬಿಟ್ಟಿವೆ. ಪುಸ್ತಕದಲ್ಲಿ ಒಂದು ಗ್ರಾಂ ಹೆಚ್ಚುಕಡಿಮೆ ಬರೆದವಳಲ್ಲ ನಾನು. ನಾಲ್ಕು ತಿಂಗಳು ದಿನಾ ಸುಳ್ಳು ಲೆಕ್ಕ ಒಪ್ಪಿಸಿದೆ. ಅವಳು ದಿನಾ “ಚಲೋ ಆತು” ಎನ್ನುವಳು.

ಶ್ರಾವಣ ಮುಗಿದು, ಚೌತಿಗೆ ಇನ್ನೂ ಮೂರು ದಿನ ಇರುವಾಗ ಎಂದಿನ ಹೊತ್ತಿಗೆ ಫೋನ್ ಬಂತು. ನಾನು ರೂಢಿಯಂತೆ “ಅಕ್ಕಾ, ತಪ್ಪು ನಂದು,” ಎಂದು ಶುರು ಮಾಡಿದೆ. ಆ ಕಡೆಯಿಂದ ಮಗಳ ದನಿ: “ಅವ್ವ ಇವತ್ತು ಕೇಳಲಿಲ್ಲರಿ. ಮಧ್ಯಾ‍ಹ್ನ ಹೋದ್ಳು.”

ಮಣ್ಣಿಗೆ ಹೋಗಿ ಬಂದೆ. ಇಲಿವಾರದ ದಿನ ಮನೆಯಲ್ಲೇ ಇದ್ದೆ. ಅವತ್ತು ಮುಟ್ಟಬಾರದು. ಅದರ ಮರುದಿನ ಬಾಟಲಿ, ಕತ್ತರಿ ತೆಗೆದುಕೊಂಡು ಮೊದಲ ಬಸ್ಸಿಗೆ ಹೊರಟು ಕೊಟ್ಟೂರಿನಲ್ಲಿ ಇಳಿದು ಬಸ್ಸು ಬದಲಿಸಿ ಗುಡ್ಡಕ್ಕೆ ಹೋದೆ. “ಬಂದೀನಪಾ, ದಾರಿ ಬಿಡು” ಎಂದು ಗಟ್ಟಿಯಾಗಿ ಹೇಳಿಕೊಂಡೇ ಹತ್ತಿದೆ. ಬಟ್ಟೆಯ ಚೂರುಗಳು ಯಾವುವೂ ಉಳಿದಿರಲಿಲ್ಲ, ಆದರೆ ನಲವತ್ತೊಂದರ ಬಂಡೆಯನ್ನು ನಾನು ಮರೆಯುವ ಹಾಗಿರಲಿಲ್ಲ. ಬಿಲದ ಬಾಯಿ ಮುಚ್ಚಿಹೋಗಿತ್ತು. ಅದರ ಮುಂದೆ ಕೂತು ಕತ್ತರಿಯ ತುದಿಯಿಂದ ಒಂದು ಗೇಣು ಮಣ್ಣು ತೋಡಿದೆ.

ಬಾಟಲಿಯ ಮುಚ್ಚಳ ಬಿಗಿದುಕೊಂಡಿತ್ತು. ಸೆರಗು ಸುತ್ತಿ ತಿರುಗಿಸಿದೆ. ಬಾಟಲಿ ತೆಗೆದೆ. ಅವಳನ್ನು ತೆಗೆದೆ. ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ಅಕ್ಕ ಹೊಲಿದ ಮೂಲೆಯಿಲ್ಲದ ಚೀಲದಲ್ಲಿ ಅವಳನ್ನಿಟ್ಟು, ದಾರ ಎಳೆದು, ಮಣ್ಣು ಮುಚ್ಚಿ, ಮೇಲೆ ಸಣ್ಣ ಹರಳುಗಳನ್ನು ಆರಿಸಿ ತಂದು ಹಾಸಿದೆ. ಕತ್ತರಿಯನ್ನೂ ಅಲ್ಲೇ ಇಟ್ಟೆ.

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಐದೂವರೆ ಆಯಿತು. ಫೋನನ್ನು ಕೈಯಲ್ಲಿ ಹಿಡಿದು ಕೂತೇ ಇದ್ದೆ. ಹರಪನಹಳ್ಳಿ ಬರುವವರೆಗೂ ಯಾರೂ ಕೇಳಲಿಲ್ಲ.